ಬಿದ್ದುದೋ, ಬೀಳಿಸಿದುದೋ?

ವ್ಯಾಕರಣ ಪಾಠವೆಂದರೆ ಮಕ್ಕಳಿಗೆ ಆಕಳಿಕೆ, ಉಪಾಧ್ಯಾಯರಿಗೆ ಗಂಟಲುನೋವು ಎಂಬ ಮಾತು ಅಧ್ಯಾಪಕರ ಕೊಠಡಿಗಳಲ್ಲಿ ಆಗಾಗ ಕೇಳಿಬರುವುದುಂಟು. ನಾವೂ ಹತ್ತಾರು ವರ್ಷಗಳಿಂದ ಆ ಪಾಠವನ್ನು ಹೇಳುತ್ತ ಬಂದವರೇ. 'ಮರ ಬಿತ್ತು' ಎಂಬಲ್ಲಿ ಕ್ರಿಯಾಪದವು ಅಕರ್ಮಕ. 'ಆಳು ಮರವನ್ನು ಬೀಳಿಸಿದನು' ಎಂದಾಗ 'ಇಸು' ಪ್ರತ್ಯಯವು ಸೇರಿ ಅದು ಸಕರ್ಮಕವಾಗುತ್ತದೆ. 'ಆಳಿನಿಂದ ಮರವು ಬೀಳಿಸಲ್ಪಟ್ಟಿತು' ಎಂದರೆ ಕರ್ಮಣಿ ಪ್ರಯೋಗ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದು, ಕೈಗೆ ಅಂಟಿದ ಸೀಮೆಸುಣ್ಣವನ್ನು ಕೊಡವಿಕೊಂಡು, ಗಂಟೆ ಬಾರಿಸಿದೊಡನೆ ಮುಂದಿನ ತರಗತಿಗೆ ನಡೆದುಬಿಡುವುದು ನಮ್ಮ ರೂಢಿಯಾಗಿದ್ದಿತು. ಈ ಮೂರು ವಾಕ್ಯಗಳ ನಡುವೆ ಪ್ರತ್ಯಯಕ್ಕಿಂತ ದೊಡ್ಡದಾದ ಒಂದು ಅಂತರವಿದೆಯೆಂಬುದು ನಮಗೆ ತಿಳಿದುಬಂದುದು ಒಂದು ಪದವಿನ ಮೇಲೆ, ಒಂದು ಆಟಿಕೆಯ ವಿಮಾನದ ದೆಸೆಯಿಂದ. ಅದೆಂತೆಂಬುದನ್ನು ಹೇಳುವುದಕ್ಕಾಗಿ ಈ ಲೇಖನ.

ನಮಗೊಂದು ಹವ್ಯಾಸವಿದೆ. ರೇಡಿಯೋ ಅಲೆಗಳಿಂದ ನಡೆಯುವ ಮಾದರಿ ವಿಮಾನಗಳನ್ನು ಕಟ್ಟುವುದು, ಹಾರಿಸುವುದು, ಅವು ಬಿದ್ದು ಮುರಿದಾಗ ಮರಳಿ ಕೂಡಿಸುವುದು. ಪ್ರಾಥಮಿಕ ಶಾಲೆಯ ಮಾಷ್ಟ್ರಿಗೆ ಇದೇನು ಬಾಲಲೀಲೆ ಎಂದು ವಾಚಕರು ನಗಬಹುದು. ನಗಲಿ. ನಮ್ಮ ಮನೆಯವರೂ ನಗುತ್ತಾರೆ. ಆದರೆ ಏಳನೆಯ ತರಗತಿಯ ಮಕ್ಕಳಿಗೆ ಬಲ, ಚಲನೆ, ವಾಯುವಿನ ಒತ್ತಡ ಎಂದು ಪುಸ್ತಕದಲ್ಲಿ ಓದಿಸಿ ಕಲಿಸಲಾಗದುದನ್ನು ಒಂದು ಸಂಜೆಯ ಹಾರಾಟವು ಕಲಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಈ ವಿಮಾನಕ್ಕೆ ಬೇಕಾಗುವ ಸಾಮಗ್ರಿಯು ಜನರು ಊಹಿಸುವಷ್ಟು ದುಬಾರಿಯಾದುದಲ್ಲ. ಯಂತ್ರಭಾಗವನ್ನು ಮಾತ್ರ ಹಣ ಕೊಟ್ಟು ತರಿಸಬೇಕು: ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್, ವಿಮಾನದೊಳಗೆ ಕೂರುವ ರಿಸೀವರ್, ಒಂದು ಮೋಟಾರು, ಮೂರು ಕೋಶಗಳ 11.1 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ, ಮತ್ತು 'ಸರ್ವೋ' ಎಂಬ ಬೆಂಕಿಪೆಟ್ಟಿಗೆಗಿಂತಲೂ ಚಿಕ್ಕದಾದ ಯಂತ್ರಗಳು. ಕೈಯಲ್ಲಿನ ಕೋಲನ್ನು ನಾವು ಎಷ್ಟು ವಾಲಿಸುತ್ತೇವೆಯೋ ಅಷ್ಟೇ ಪ್ರಮಾಣದಲ್ಲಿ ಸರ್ವೋವಿನ ತೋಳು ತಿರುಗಿ, ಒಂದು ತಂತಿಯ ಮೂಲಕ ರೆಕ್ಕೆಯ ಅಂಚನ್ನೋ ಬಾಲದ ಅಂಚನ್ನೋ ಬಾಗಿಸುತ್ತದೆ. ಉಳಿದುದೆಲ್ಲ ಊರಿನಲ್ಲಿಯೇ ದೊರೆಯುತ್ತದೆ. ಮೀನಿನ ಮಾರುಕಟ್ಟೆಯಲ್ಲಿ ಎಸೆದ ಥರ್ಮೋಕೋಲ್ ಪೆಟ್ಟಿಗೆಗಳನ್ನು ಮಕ್ಕಳು ಆರಿಸಿ ತರುತ್ತಾರೆ. ಅವನ್ನು ಸಾಬೂನಿನಿಂದ ತೊಳೆದು, ಮೂರು ದಿನ ಬಿಸಿಲಿಗೆ ಹಾಕಿ, ಕಾಯಿಸಿದ ತಂತಿಯಿಂದ ಕೊಯ್ದು, ಬಿದಿರಿನ ಸಲಾಕೆಯನ್ನು ಬೆನ್ನೆಲುಬಾಗಿ ಸೇರಿಸಿ, ಮೇಲೆ ಟೇಪು ಸುತ್ತಿದರೆ ಒಂದು ಮೀಟರ್ ಉದ್ದದ ರೆಕ್ಕೆ ಸಿದ್ಧ. ಅಂಗಡಿಯಲ್ಲಿ ಸಿಗುವ ಕ್ಷಣದಲ್ಲಿ ಅಂಟುವ ಅಂಟನ್ನು ಮಾತ್ರ ಹಚ್ಚಕೂಡದು. ಅದು ಥರ್ಮೋಕೋಲನ್ನು ಉಪ್ಪು ನೀರಿನಲ್ಲಿ ಕರಗಿದಂತೆ ಕರಗಿಸಿಬಿಡುತ್ತದೆ. ಮರಗೆಲಸದ ಬಿಳಿ ಅಂಟೇ ಲೇಸು. ಒಣಗಲು ಒಂದು ರಾತ್ರಿ ಕಾಯಬೇಕು, ಅಷ್ಟೆ. ನಮ್ಮ ಮೊದಲನೆಯ ವಿಮಾನವು ಇಷ್ಟೆಲ್ಲ ಶುದ್ಧಿಕಾರ್ಯಗಳ ಬಳಿಕವೂ ಬಂಗುಡೆಯ ವಾಸನೆಯನ್ನು ಬೀರುತ್ತಲೇ ಆಕಾಶಕ್ಕೇರಿತು. ಅದನ್ನು ಇರಿಸಿದ್ದ ಕಪಾಟಿನ ಸುತ್ತ ಶಾಲೆಯ ಬೆಕ್ಕು ಒಂದು ತಿಂಗಳು ಪ್ರದಕ್ಷಿಣೆ ಹಾಕಿದುದುಂಟು.

ಕಟ್ಟಿದ ಮೇಲೆ ತೂಗಿ ನೋಡುವುದು ಮುಖ್ಯ. ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಎರಡು ಬೆರಳ ತುದಿಗಳನ್ನಿಟ್ಟು ಎತ್ತಿದರೆ ವಿಮಾನವು ಸಮನಾಗಿ ನಿಲ್ಲಬೇಕು. ಬಾಲ ಜಗ್ಗಿದರೆ ಅದು ಹಾರಲಾರದು. ಹಾರಿದರೂ ನಮ್ಮ ಮಾತು ಕೇಳದು. ಬ್ಯಾಟರಿಯನ್ನು ಒಂದು ಬೆರಳಷ್ಟು ಮುಂದಕ್ಕೆ ಸರಿಸಿದರೆ ಅದೇ ವಿಮಾನ ಸಾಧುವಾಗುತ್ತದೆ.

ಇನ್ನು ಹಾರಿಸುವ ಸ್ಥಳ. ಕಾಸರಗೋಡಿನ ಬಡಗು ಭಾಗದ ಮುರಕಲ್ಲ ಪದವುಗಳನ್ನು ಬಲ್ಲವರಿಗೆ ಬೇರೆ ಹೇಳಬೇಕಾದುದಿಲ್ಲ. ಅಡಿಕೆ ತೋಟಗಳ ಕಣಿವೆಯಿಂದ ಮೇಲೇರಿ ಬಂದರೆ ಮರವಿಲ್ಲದ, ಮನೆಯಿಲ್ಲದ, ಮುಳಿಹುಲ್ಲು ಮಾತ್ರ ಬೆಳೆಯುವ ಬಯಲು. ಬೆಳಗ್ಗೆ ಗಾಳಿ ಮೆತ್ತಗಿರುತ್ತದೆ. ಹೊತ್ತೇರಿದಂತೆ ಪಡುಗಡಲಿನ ಗಾಳಿ ಬೀಸತೊಡಗುತ್ತದೆ. ಆ ಬಳಿಕ ಆರುನೂರು ಗ್ರಾಮಿನ ವಿಮಾನವು ತರಗೆಲೆಗೆ ಸಮಾನ. ಮೇಲೆ ಗಿರಕಿ ಹೊಡೆಯುವ ಹದ್ದುಗಳು ಇದನ್ನು ತಮ್ಮ ದಾಯಾದಿಯೆಂದು ತಿಳಿದು ಕೆಳಗಿಳಿದು ಬರುವುದೂ ಉಂಟು.

ಹಾರಿಸುವವನು ನೆಲದ ಮೇಲೆ ನಿಂತಿರುತ್ತಾನೆ, ವಿಮಾನವು ಇನ್ನೂರು ಮೀಟರ್ ಆಚೆಗಿರುತ್ತದೆ. ನಾವು ಚಿಂತಿಸುತ್ತಿರುವ ಪ್ರಶ್ನೆಯು ಈ ದೂರದಲ್ಲಿಯೇ ಇದೆ.

ಗಾಳಿಪಟವನ್ನು ಹಾರಿಸುವ ಹುಡುಗನನ್ನು ನೋಡಿರಿ. ಅವನು ದಾರವನ್ನು ಎಳೆಯುತ್ತಾನೆ. ಗಾಳಿಪಟವೂ ಅವನನ್ನು ಎಳೆಯುತ್ತದೆ. ಮೇಲೆ ಗಾಳಿ ಎಷ್ಟು, ಪಟದ ಕಾಗದ ಹರಿಯುವಂತಿದೆಯೇ, ಬಾಲ ಹಗುರವಾಯಿತೇ ಎಂಬುದೆಲ್ಲ ಬೆರಳಿಗೆ ತಿಳಿಯುತ್ತದೆ. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟದ ಪ್ರದರ್ಶನವನ್ನು ಕಂಡವರು ಇನ್ನೊಂದು ಉದಾಹರಣೆಯನ್ನು ಬಲ್ಲರು. ಬೊಂಬೆಯು ಕುಣಿಯುವಾಗ ಅದರ ತೂಕವೆಲ್ಲ ಸೂತ್ರವನ್ನು ಹಿಡಿದವನ ಕೈಯಲ್ಲಿ ತೂಗುತ್ತಿರುತ್ತದೆ. ಅವನು ಬೊಂಬೆಯನ್ನು ಆಡಿಸುತ್ತಾನೆ, ಬೊಂಬೆ ಅವನ ತೋಳನ್ನು ಆಯಾಸಗೊಳಿಸುತ್ತದೆ. ರೇಡಿಯೋ ಅಲೆಗೆ ಈ ಗುಣವಿಲ್ಲ. ನಮ್ಮ ಆಜ್ಞೆ ಅತ್ತ ಹೋಗುತ್ತದೆ. ಇತ್ತ ಏನೂ ಬಾರದು. ವಿಮಾನವು ನೆಟ್ಟಗೆ ಹಾರುತ್ತಿರುವಾಗಲೂ, ತಲೆಕೆಳಗಾಗಿ ಮಣ್ಣಿನ ಕಡೆಗೆ ಧಾವಿಸುತ್ತಿರುವಾಗಲೂ, ಕೈಯಲ್ಲಿನ ಕೋಲು ಅಷ್ಟೇ ಹಗುರವಾಗಿರುತ್ತದೆ. ಬೆರಳಿಗೆ ಅಪಾಯದ ಸುದ್ದಿಯೇ ಇಲ್ಲ. ಕಣ್ಣೊಂದೇ ನೆಚ್ಚು.

ಕಣ್ಣು ಕೂಡ ಮೋಸಹೋಗುತ್ತದೆ. ವಿಮಾನವು ನಮ್ಮಿಂದ ದೂರ ಹೋಗುತ್ತಿರುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ಅದು ತಿರುಗಿ ನಮ್ಮ ಕಡೆಗೆ ಬರತೊಡಗಿದರೆ ಅದರ ಬಲವು ನಮ್ಮ ಎಡವಾಗುತ್ತದೆ. ಹೊಸಬರ ವಿಮಾನಗಳು ಬೀಳುವುದು ಹೆಚ್ಚಾಗಿ ಈ ಗಳಿಗೆಯಲ್ಲಿಯೇ. ಇದಕ್ಕೆ ಹಳಬರು ಹೇಳಿಕೊಡುವ ಉಪಾಯವೊಂದಿದೆ: ಎದುರಿಗೆ ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಕೋಲನ್ನು ಆ ಕಡೆಗೇ ಒತ್ತು, ಬೀಳುತ್ತಿರುವವನಿಗೆ ಊರುಗೋಲು ಕೊಟ್ಟಂತೆ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ನಮಗೆ ಒಂದು ವರ್ಷ ಹಿಡಿಯಿತು.

ದಾರವಿಲ್ಲದೆ ಆಡಿಸುವ ಈ ವಿದ್ಯೆಗೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ಮುಟ್ಟದೆಯೇ ನಡೆಸಿ ತೋರಿಸಿದನು. ಮಾದರಿ ವಿಮಾನವಾದರೋ ಅದಕ್ಕಿಂತಲೂ ಹಿಂದಿನದು: 1871ರಲ್ಲಿ ಅಲ್ಫೋನ್ಸ್ ಪೆನೋ ಎಂಬ ತರುಣನು ತಿರುಚಿದ ರಬ್ಬರಿನ ಬಲದಿಂದ ಹಾರುವ ಮಾದರಿಯನ್ನು ಪ್ಯಾರಿಸಿನ ಉದ್ಯಾನದಲ್ಲಿ ಹಾರಿಸಿದನು. ಆತನ ರೀತಿಯದೇ ಒಂದು ರಬ್ಬರಿನ ಆಟಿಕೆಯನ್ನು ತಂದೆಯು ತಂದುಕೊಟ್ಟಾಗ ರೈಟ್ ಸೋದರರು ಚಿಕ್ಕ ಹುಡುಗರು. ಅದು ಮುರಿದುಹೋದಾಗ ತಾವೇ ಇನ್ನೊಂದನ್ನು ಮಾಡಿಕೊಂಡರಂತೆ. 1903ರ ಡಿಸೆಂಬರ್ 17ರಂದು ಅವರು ಹಾರಿದ ಕಥೆಯನ್ನು ಎಲ್ಲ ಮಕ್ಕಳೂ ಬಲ್ಲರು. ಆಟಿಕೆ ಮುರಿದ ಕಥೆಯನ್ನು ನಾವು ಹೆಚ್ಚು ಹೇಳುವುದಿಲ್ಲ. ಈ ಎರಡು ವಿದ್ಯೆಗಳು, ಅಂದರೆ ರೇಡಿಯೋ ಮತ್ತು ಮಾದರಿ ವಿಮಾನ, ಕೂಡಿಬಂದುದು 1930ರ ದಶಕದಲ್ಲಿ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ಹಾರಿಸಿದ ರೇಡಿಯೋ ವಿಮಾನವು ಇಂದಿಗೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಕಾಲದಲ್ಲಿ ಹಾಲಿವುಡ್ಡಿನ ರೆಜಿನಾಲ್ಡ್ ಡೆನ್ನಿ ಎಂಬ ನಟನು ಮಾದರಿ ವಿಮಾನಗಳ ಅಂಗಡಿಯೊಂದನ್ನು ಇಟ್ಟಿದ್ದನು. ಅವನ ಹವ್ಯಾಸವೇ ಬೆಳೆದು ಕಾರ್ಖಾನೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಯವರಿಗೆ ಗುರಿಯಾಗಿ ಹಾರುವ ಚಾಲಕರಹಿತ ವಿಮಾನಗಳನ್ನು ಸಾವಿರಗಟ್ಟಲೆ ತಯಾರಿಸಿತು. ಇಂದಿನ ಯುದ್ಧಗಳಲ್ಲಿ ಸಾವಿರಾರು ಮೈಲಿ ದೂರದ ಕೊಠಡಿಯಲ್ಲಿ ಕುಳಿತವನು ಕೋಲನ್ನು ವಾಲಿಸಿದರೆ ಇನ್ನೊಂದು ಖಂಡದಲ್ಲಿ ಮನೆ ಉರಿಯುತ್ತದೆ. ನಮ್ಮ ಕೈಯಲ್ಲಿರುವ ಆಟಿಕೆಗೂ ಅವನ ಕೈಯಲ್ಲಿರುವ ಆಯುಧಕ್ಕೂ ವಂಶ ಒಂದೇ. ಇದನ್ನು ಮಕ್ಕಳಿಗೆ ಹೇಳಬೇಕೇ ಬೇಡವೇ ಎಂದು ನಾವು ಬಹಳ ಕಾಲ ಅನುಮಾನಿಸಿದೆವು, ಈಗ ಹೇಳುತ್ತಿದ್ದೇವೆ.

ಇನ್ನು ನಮ್ಮ ಸಂಗತಿ.

ಕೆಲವು ವರ್ಷಗಳ ಹಿಂದೆ, ಶಾಲಾ ವಾರ್ಷಿಕೋತ್ಸವದ ದಿನ ಬೆಳಗ್ಗೆ, ಮಕ್ಕಳು ಕಟ್ಟಿದ ವಿಮಾನವನ್ನು ಶಾಲೆಯ ಹಿಂದಿನ ಪದವಿನಲ್ಲಿ ಹಾರಿಸಿ ತೋರಿಸುವುದೆಂದು ನಿಶ್ಚಯವಾಗಿದ್ದಿತು. ಮುಖ್ಯೋಪಾಧ್ಯಾಯರು, ರಕ್ಷಕರು, ಊರ ಹಿರಿಯರು ನೆರೆದಿದ್ದರು. ಹಾರಿಸುವವನು ಏಳನೆಯ ತರಗತಿಯ ಒಬ್ಬ ಹುಡುಗ; ಅದುವರೆಗೆ ಇಪ್ಪತ್ತು ಸಲವಾದರೂ ಹಾರಿಸಿ ಇಳಿಸಿದವನು. ಹಾರಾಟದ ಮುನ್ನ ಪರೀಕ್ಷಿಸುವಾಗ ಬಲರೆಕ್ಕೆಯ ಸರ್ವೋ ಒಮ್ಮೆ ನಡುವಿನಲ್ಲಿ ನಿಂತಿತು. ನಾವು ಬೆರಳಿನಿಂದ ತಟ್ಟಿದೆವು. ಅದು ಕರಕರ ಸದ್ದುಮಾಡಿ ಮತ್ತೆ ತಿರುಗಿತು. ಇಂಥ ಸದ್ದಿನ ಅರ್ಥ ನಮಗೆ ತಿಳಿಯದುದಲ್ಲ. ಒಳಗಿನ ಪ್ಲಾಸ್ಟಿಕ್ ಗಾಲಿಯ ಹಲ್ಲೊಂದು ಮುರಿದಿರಬಹುದೆಂದು ಆ ಕ್ಷಣದಲ್ಲಿಯೇ ಮನಸ್ಸಿಗೆ ಹೊಳೆದಿದ್ದಿತು. ಆದರೆ ಜನ ನೆರೆದಾಗಿದ್ದಿತು. ಬದಲಿ ಸರ್ವೋ ಇರಲಿಲ್ಲ. ಹಾರಾಟವಿಲ್ಲವೆಂದು ಹೇಳುವ ಧೈರ್ಯ ನಮಗೆ ಸಾಲಲಿಲ್ಲ. ಹುಡುಗನ ಕೈಗೆ ಟ್ರಾನ್ಸ್‌ಮಿಟರನ್ನು ಕೊಟ್ಟು, "ಹೂಂ, ಬಿಡು" ಎಂದೆವು.

ಎರಡು ಸುತ್ತು ಚೆನ್ನಾಗಿಯೇ ಆಯಿತು. ಮೂರನೆಯ ಸುತ್ತಿನಲ್ಲಿ ವಿಮಾನವು ತಿರುಗಿ ನಮ್ಮ ಕಡೆಗೆ ಬರುವಾಗ ಒಂದು ರೆಕ್ಕೆ ಬಾಗಿತು. ಹುಡುಗನು ಕೋಲನ್ನು ಒತ್ತಿದನು, ರೆಕ್ಕೆ ಏಳಲಿಲ್ಲ. ಇನ್ನೂ ಒತ್ತಿದನು. ಅದು ಬಾಗಿದಂತೆಯೇ ಪದವಿನ ಅಂಚನ್ನು ದಾಟಿ, ಕೆಳಗಿನ ತೋಟದ ಮನೆಯ ಹಂಚಿನ ಮಾಡಿನ ಮೇಲೆ ಅಪ್ಪಳಿಸಿತು.

ಆರುನೂರು ಗ್ರಾಮಿನ ವಸ್ತು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದು ತಾಗುವುದೆಂದರೆ, ಅದೇ ತೂಕದ ಕಲ್ಲೊಂದು ಆರು ಮೀಟರಿಗೂ ಮೇಲಿನಿಂದ ಬಿದ್ದಷ್ಟು ಪೆಟ್ಟು. ಈ ಲೆಕ್ಕವನ್ನು ನಾವು ಆ ಬಳಿಕ ಮಾಡಿದುದು. ಎರಡು ಹಂಚುಗಳು ಒಡೆದಿದ್ದುವು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆಲ್ಲ ಹಂಚಿನ ಚೂರು. ಆ ಅಂಗಳದಲ್ಲಿ ಅಡಿಕೆಯನ್ನು ಕಾಯುತ್ತ ಒಬ್ಬ ಅಜ್ಜಿ ಕುಳಿತಿದ್ದರು. ಅವರಿಗೂ ಆ ಚೂರುಗಳಿಗೂ ನಡುವೆ ನಾಲ್ಕು ಹೆಜ್ಜೆಯ ಅಂತರವಿದ್ದಿತು.

ಓಡಿಹೋದ ನಾವು ಏದುಸಿರು ಬಿಡುತ್ತ, "ಅಜ್ಜೀ, ವಿಮಾನ ಬಿತ್ತು" ಎಂದೆವು.

ಅಜ್ಜಿ ನಮ್ಮನ್ನು ನೋಡಿದರು. "ಬಿದ್ದದ್ದಾ ಮಾಷ್ಟ್ರೇ, ಬೀಳಿಸಿದ್ದಾ?" ಎಂದು ಕೇಳಿದರು.

ಆಗ ನಾವೇನೆಂದು ಉತ್ತರವಿತ್ತೆವೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. "ಹುಡುಗನಿಗೆ ಎಡಬಲ ತಪ್ಪಿತು" ಎಂದೆವು. ಹುಡುಗನು ನಮ್ಮ ಹಿಂದೆಯೇ ನಿಂತಿದ್ದನು.

ಅಜ್ಜಿಯ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಭಯವಿದ್ದಿತು. ಅದರ ಕಾರಣವು ಈ ಸೀಮೆಯವರಿಗೆ ಹೊಸದಲ್ಲ. ಹೊರಗಿನ ವಾಚಕರಿಗಾಗಿ ಹೇಳಬೇಕಾಗಿದೆ. ನಮ್ಮ ಜಿಲ್ಲೆಯ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಚೆಲ್ಲುತ್ತಿದ್ದರು. ಗೇರಿನ ಚಿಗುರಿನ ರಸ ಹೀರುವ ಕೀಟವನ್ನು ಕೊಲ್ಲುವುದು ಇದರ ಉದ್ದೇಶ. ತೋಟಗಳಿದ್ದುದು ಗುಡ್ಡದ ಮೇಲೆ. ಜನರು, ತೊರೆಗಳು, ನೀರಿನ ಸುರಂಗಗಳು ಇದ್ದುದು ಬುಡದಲ್ಲಿ. ನಾವು ಆಗ ಎಂಟೊಂಬತ್ತು ವರ್ಷದ ಬಾಲಕರು. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಗುಡ್ಡಕ್ಕೆ ಓಡುತ್ತಿದ್ದೆವು. ಅದರ ಹಿಂದೆ ಮಂಜಿನಂತೆ ಇಳಿಯುವುದನ್ನು ನೋಡಿ ಚಪ್ಪಾಳೆ ತಟ್ಟಿದ್ದೇವೆ, ಚಾಲಕನಿಗೆ ಕೈ ಬೀಸಿದ್ದೇವೆ. ಅವನೂ ಕೈ ಬೀಸಿದನೆಂದು ನಮ್ಮಲ್ಲಿ ಒಬ್ಬನು ಆಣೆಯಿಟ್ಟು ಹೇಳಿದ್ದನು. ವಿಮಾನದ ಹುಚ್ಚು ನಮಗೆ ಹಿಡಿದುದು ಆಗಲೇ ಎಂಬುದನ್ನು ಮರೆಮಾಚಿ ಫಲವಿಲ್ಲ.

ಊರಿನ ಮಾತಿನಲ್ಲಿ ಅದಕ್ಕೆ 'ಮದ್ದು ಬಿಡುವುದು' ಎನ್ನುತ್ತಿದ್ದರು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, 'ಔಷಧವನ್ನು ಸಿಂಪಡಿಸಲಾಯಿತು.' ಈ 'ಲಾಯಿತು' ಎಂಬುದನ್ನು ವಾಚಕರು ಗಮನಿಸಬೇಕು. 'ಆಳಿನಿಂದ ಮರವು ಬೀಳಿಸಲ್ಪಟ್ಟಿತು' ಎಂಬ ಕರ್ಮಣಿ ಪ್ರಯೋಗದಲ್ಲಿ ಆಳಿನ ಹೆಸರಾದರೂ ತೃತೀಯಾ ವಿಭಕ್ತಿಯಲ್ಲಿ ಉಳಿದಿರುತ್ತದೆ. ಈ ರೂಪದಲ್ಲಿ ಕರ್ತೃವು ಮನೆ ಬಿಟ್ಟು ಹೋದಂತೆಯೇ. ಸಿಂಪಡಿಸಿದವರು ಯಾರು? ಚಾಲಕನು ಬಾಡಿಗೆಗೆ ಬಂದವನು. ಅವನಿಗೆ ತೋಟದ ಎಲ್ಲೆಯನ್ನು ತೋರಿಸಿದ್ದರು, ಅಷ್ಟೆ. ಅಧಿಕಾರಿಯು ಆಜ್ಞೆಯನ್ನು ಪಾಲಿಸಿದವನು. ಆಜ್ಞೆಯು ಕೀಟಶಾಸ್ತ್ರದ ಶಿಫಾರಸನ್ನು ಅನುಸರಿಸಿದುದು. ಯಾರ ಕೈಯಲ್ಲಿ ನೋಡಿದರೂ ಕೋಲು ಹಗುರವಾಗಿಯೇ ಇದ್ದಿತು. ಕೆಳಗಿನಿಂದ ಎಳೆಯಬೇಕಾದ ದಾರವೇ ಇರಲಿಲ್ಲ.

ಆ ದಾರವನ್ನು ಕೆಳಗಿನವರೇ ಹೊಸೆಯಬೇಕಾಯಿತು. ಪಡ್ರೆಯ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಕರುಗಳ ಅಂಗವಿಕಲತೆಯ ಕುರಿತು ಬಹಳ ಮುಂಚೆಯೇ ಬರೆದರು. ಅದೇ ಊರಿನ ವೈದ್ಯ ಡಾ. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಬೇನೆಗಳನ್ನು ಮನೆಮನೆಯಾಗಿ ಗುರುತಿಸುತ್ತ ಹೋದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. ಕಾರಣ ಕಾರ್ಯಗಳ ಕುರಿತು ವಿಜ್ಞಾನಿಗಳಲ್ಲಿ ವಾದವಿವಾದಗಳು ನಡೆದುದುಂಟು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಈ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶವಿತ್ತಿತು. ನಮ್ಮ ಶಾಲೆಗಳಲ್ಲಿ ಪಾಠ ಹೇಳುವವರು ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಗೆ ಬರಲಾಗದ ಮಕ್ಕಳನ್ನು ಬಲ್ಲರು. ಹೆಚ್ಚು ಬರೆಯುವುದು ಬೇಡ.

ಆಕಾಶದಿಂದ ಏನಾದರೊಂದು ಇಳಿದರೆ ಆ ಅಜ್ಜಿಗೆ ಏನು ನೆನಪಾಗುವುದೆಂದು ನಾವು ಮೊದಲೇ ಯೋಚಿಸಬಹುದಾಗಿದ್ದಿತು. ಯೋಚಿಸಿರಲಿಲ್ಲ.

ಮುರಿದ ವಿಮಾನವನ್ನು ಮನೆಗೆ ತಂದ ಮೇಲೆ ಹತ್ತು ದಿನ ಅದನ್ನು ಮುಟ್ಟಲಿಲ್ಲ. ಕೆಲಸದ ಒತ್ತಡವೆಂದು ನಮಗೆ ನಾವೇ ಹೇಳಿಕೊಂಡೆವು. ಆ ಹತ್ತು ದಿನಗಳಲ್ಲಿ ಶಾಲೆಯಲ್ಲಿ ಆ ಹುಡುಗನಿಗೆ 'ಎಡಬಲ' ಎಂಬ ಅಡ್ಡಹೆಸರು ಬಿದ್ದಿತು. ನಮ್ಮ ಬಾಯಿಯಿಂದ ಹೊರಟ ಮಾತು ಅದು. ಅದನ್ನು ಕೇಳಿಯೂ ಕೇಳದವರಂತೆ ನಾವು ವರಾಂಡದಲ್ಲಿ ನಡೆದುಹೋಗುತ್ತಿದ್ದೆವು. ಕೊನೆಗೆ ಒಂದು ಶನಿವಾರ ನಾಲ್ಕು ಮಕ್ಕಳು ತಾವಾಗಿ ಬಂದರು. ಅವರಲ್ಲಿ ಆತನೂ ಇದ್ದನು. ಮುರಿದ ರೆಕ್ಕೆಯನ್ನು ನೆಟ್ಟಗೆ ಕೊಯ್ದು, ಹೊಸ ತುಂಡನ್ನು ಕೂಡಿಸಿ, ಬಿದಿರಿನ ಸಲಾಕೆಯನ್ನು ಬದಲಾಯಿಸುವ ಕೆಲಸ. ಸರ್ವೋವನ್ನು ಬಿಚ್ಚಿದವನು ಅವನೇ. ನಾಲ್ಕು ಸಣ್ಣ ತಿರುಪುಗಳನ್ನು ತೆಗೆದು ಮುಚ್ಚಳವನ್ನು ಎತ್ತಿದಾಗ ಒಳಗೆ ಹಲ್ಲು ಮುರಿದ ಗಾಲಿ ಕಾಣಿಸಿತು. ಮುರಿದ ಹಲ್ಲಿನ ಅಂಚು ಗ್ರೀಸಿನಿಂದ ಕಪ್ಪಾಗಿ ಸವೆದಿದ್ದಿತು. ಬಿದ್ದಾಗ ಮುರಿದುದಾದರೆ ಅಂಚು ಬೆಳ್ಳಗೆ, ಹೊಸದಾಗಿ ಇರಬೇಕಿದ್ದಿತು. ಇದನ್ನು ಅವನಿಗೆ ಕಲಿಸಿದವರು ನಾವೇ.

ಅವನು ಗಾಲಿಯನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು, "ಮಾಷ್ಟ್ರೇ, ಇದು ಮೊದಲೇ ಮುರಿದಿತ್ತಾ?" ಎಂದನು.

"ಹೌದು" ಎಂದೆವು. ಸ್ವಲ್ಪ ತಡೆದು, "ನಮಗೆ ಗೊತ್ತಿತ್ತು" ಎಂದೆವು.

ಅವನು ಏನೂ ಹೇಳಲಿಲ್ಲ. ಗಾಲಿಯನ್ನು ಮೇಜಿನ ಮೇಲಿಟ್ಟು ಮರಳುಕಾಗದವನ್ನು ತೆಗೆದುಕೊಂಡು ರೆಕ್ಕೆಯನ್ನು ಉಜ್ಜತೊಡಗಿದನು. ಸೋಮವಾರ ಪ್ರಾರ್ಥನೆಯ ಬಳಿಕ ಮಕ್ಕಳೆಲ್ಲರ ಮುಂದೆ ಸಂಗತಿಯನ್ನು ಇದ್ದಂತೆ ಹೇಳಿದೆವು. ಮುಖ್ಯೋಪಾಧ್ಯಾಯರು ಅಷ್ಟೇನೂ ಅಗತ್ಯವಿರಲಿಲ್ಲವೆಂದು ಅಭಿಪ್ರಾಯಪಟ್ಟರು. ಅಡ್ಡಹೆಸರು ಅದರಿಂದ ಹೋಗಲಿಲ್ಲ. ಮಕ್ಕಳ ನಾಲಗೆಗೆ ಒಮ್ಮೆ ಹತ್ತಿದುದು ಉಪಾಧ್ಯಾಯರ ಪ್ರಕಟಣೆಯಿಂದ ಇಳಿಯುವಂಥದಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಿಮಾನವನ್ನು ಬೀಳಿಸಿದವರು ಯಾರು? ಕೋಲನ್ನು ಹಿಡಿದಿದ್ದವನು ಹುಡುಗ; ಆ ಅರ್ಥದಲ್ಲಿ ಅವನೇ ಕರ್ತೃ. ಸಂಸ್ಕೃತದ ವೈಯಾಕರಣರು ಇಂಥ ಕಡೆ ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತಾರೆ. ಕೆಲಸವನ್ನು ಮಾಡುವವನು ಪ್ರಯೋಜ್ಯ ಕರ್ತೃ. ಅವನಿಂದ ಮಾಡಿಸುವವನು ಪ್ರಯೋಜಕ ಕರ್ತೃ. ಇಬ್ಬರೂ ಕರ್ತೃಗಳೇ, ಒಬ್ಬನನ್ನು ಒಪ್ಪಿಕೊಂಡರೆ ಇನ್ನೊಬ್ಬನು ಅಳಿಯುವುದಿಲ್ಲ. ಆದರೆ ಲೋಕವ್ಯವಹಾರದಲ್ಲಿ ನಡೆಯುವುದೇ ಬೇರೆ. ಒಳ್ಳೆಯದಾದರೆ ಮಾಡಿಸಿದವನು ಮುಂದೆ ಬರುತ್ತಾನೆ, ಕೆಟ್ಟದಾದರೆ ಮಾಡಿದವನನ್ನು ಮುಂದೆ ತಳ್ಳುತ್ತಾನೆ. ವಿಮಾನವು ಸುರಕ್ಷಿತವಾಗಿ ಇಳಿದಿದ್ದರೆ ಅಂದಿನ ಸಭೆಯಲ್ಲಿ ಹಾರ ಬೀಳುತ್ತಿದ್ದುದು ನಮ್ಮ ಕೊರಳಿಗೆ.

ಗಾಳಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಕೇಳುವವರಿದ್ದಾರೆ. ನಮ್ಮ ಹವ್ಯಾಸದವರು ಬಿದ್ದ ವಿಮಾನದ ಮುಂದೆ ನಿಂತು ಮೊದಲು ಹೇಳುವ ಮಾತು 'ಸಿಗ್ನಲ್ ಹೋಯಿತು' ಎಂಬುದೇ. ಹಳೆಯ ಕಾಲದಲ್ಲಿ ಇದರಲ್ಲಿ ಸತ್ಯಾಂಶವಿದ್ದಿತು. ಆಗಿನ ಸೆಟ್ಟುಗಳಲ್ಲಿ ಒಂದೇ ಆವರ್ತನದಲ್ಲಿ ಇಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ಒಬ್ಬನ ಆಜ್ಞೆಯಿಂದ ಇನ್ನೊಬ್ಬನ ವಿಮಾನ ಬೀಳುತ್ತಿದ್ದಿತು. ಅದಕ್ಕಾಗಿ ಮೈದಾನದಲ್ಲಿ ಒಂದು ಹಲಗೆಯನ್ನಿಟ್ಟು, ಯಾವ ಆವರ್ತನ ಯಾರ ಬಳಿ ಇದೆಯೆಂದು ಚೀಟಿ ಸಿಕ್ಕಿಸುವ ಪದ್ಧತಿಯಿದ್ದಿತು. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ಆ ತೊಡಕು ಬಹುಮಟ್ಟಿಗೆ ಇಲ್ಲ. ಸಂಕೇತ ಕಡಿದರೆ ಮೋಟಾರು ತಾನಾಗಿ ನಿಲ್ಲುವಂತೆಯೂ ಮೊದಲೇ ಹೊಂದಿಸಿಡಬಹುದು. ಕಾನೂನೂ ಇದೆ. 2021ರ ಡ್ರೋನ್ ನಿಯಮಗಳಲ್ಲಿ ಶಿಕ್ಷಣಕ್ಕೂ ವಿನೋದಕ್ಕೂ ಹಾರಿಸುವ, 25 ಕಿಲೋಗ್ರಾಮಿನೊಳಗಿನ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಹೆಸರಿಸಿ, ಅವು ಹಾರಿಸುವವನ ಕಣ್ಣಳತೆಯೊಳಗೆ ಹಾರುವಂಥವೆಂದು ಹೇಳಿದೆ. ಕಣ್ಣಳತೆ ಎಂಬ ಮಾತು ನಮಗೆ ಹಿಡಿಸಿತು. ಆದರೆ ಅಂದು ವಿಮಾನವು ಕಣ್ಣಳತೆಯಲ್ಲಿಯೇ ಇದ್ದಿತು. ಕಣ್ಣಿಗೆ ಬೀಳದೆ ಇದ್ದುದು ಅಂಗಳದಲ್ಲಿ ಕುಳಿತಿದ್ದ ಅಜ್ಜಿ.

ಮೇನಾರ್ಡ್ ಹಿಲ್ ಎಂಬ ಅಮೆರಿಕದ ಹವ್ಯಾಸಿಯ ಹೆಸರನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಎಪ್ಪತ್ತೇಳರ ವಯಸ್ಸಿನಲ್ಲಿ, ದೃಷ್ಟಿ ಬಹುತೇಕ ಹೋದ ಮೇಲೆ, ಹಗುರ ಮರದಿಂದ ಅವನು ಕಟ್ಟಿದ ಐದು ಕಿಲೋಗ್ರಾಮಿಗೂ ಕಡಿಮೆ ತೂಕದ ವಿಮಾನವು 2003ರ ಆಗಸ್ಟಿನಲ್ಲಿ ಕೆನಡದ ನ್ಯೂಫೌಂಡ್‌ಲೆಂಡಿನಿಂದ ಹೊರಟು, ಸುಮಾರು 39 ಗಂಟೆಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಅದಕ್ಕಿಂತ ಮುಂಚಿನ ಅವನ ವಿಮಾನಗಳು ದಡ ಮುಟ್ಟಲಿಲ್ಲ. ಕಣ್ಣು ಕಾಣದವನು ಬೆರಳಿನಿಂದ ತಡವಿ ತಡವಿ ಕಟ್ಟಿದ ರೆಕ್ಕೆಗಳು ಅವು. ಕಣ್ಣು ನೆಟ್ಟಗಿದ್ದ ನಾವು ಬೆರಳಿಗೆ ತಿಳಿದುದನ್ನು ತಟ್ಟಿ ಸುಮ್ಮನಾಗಿಸಿದೆವು.

ದೂರದಿಂದ ಆಡಿಸುವವನಿಗೆ ಕೆಳಗಿನ ಸೆಳೆತವು ಮರಳಿ ತಲುಪುವ ದಾರಿಯೊಂದಿದ್ದರೆ ಅದು ದುರಸ್ತಿಯ ಮೇಜು ಎಂದು ನಮಗೆ ತೋರುತ್ತದೆ. ಮುರಿದುದು ಅಲ್ಲಿ ಮತ್ತೆ ಕೈಗೆ ಬರುತ್ತದೆ, ತೂಕವುಳ್ಳದ್ದಾಗಿ ಬರುತ್ತದೆ, ಎಲ್ಲಿ ಮುರಿಯಿತು, ಯಾವಾಗ ಮುರಿಯಿತು ಎಂಬುದನ್ನು ಹೇಳುತ್ತದೆ. ಹೊಸದೊಂದನ್ನು ಕೊಂಡು ತಂದಿದ್ದರೆ ಆ ಗಾಲಿಯನ್ನು ಯಾರೂ ನೋಡುತ್ತಿರಲಿಲ್ಲ. ಇದು ಪುಟ್ಟ ವಿಮಾನಕ್ಕೆ ಸಲ್ಲುವ ಮಾತೆಂಬುದನ್ನೂ ನಾವು ಬಲ್ಲೆವು. 2000ದ ಆಚೆಗಿನ ಆ ಹೆಲಿಕಾಪ್ಟರು ಮುರಿದುಹಾಕಿದುದಕ್ಕೆ ಅಂಟು ಎಲ್ಲಿಯೂ ಸಿಗದು. ಅದನ್ನು ಮೇಜಿನ ಮೇಲೆ ತಂದಿಡುವುದಕ್ಕೇ ಇಪ್ಪತ್ತು ವರ್ಷ ಹಿಡಿಯಿತು.

ಅಜ್ಜಿಯ ಮನೆಯ ಹಂಚಿಗಾಗಿ ಎರಡು ವಾರ ಅಲೆದೆವು. ಆ ಅಳತೆಯ ಹಳೆಯ ಮಂಗಳೂರು ಹಂಚು ಈಗ ಸುಲಭವಾಗಿ ಸಿಗುವುದಿಲ್ಲ. ಕೆಡವಿದ ಮನೆಯೊಂದರ ರಾಶಿಯಲ್ಲಿ ನಾಲ್ಕು ದೊರೆತುವು. ಮಾಡಿಗೆ ಏರಿ ರೀಪಿಗೆ ಅವನ್ನು ಸಿಕ್ಕಿಸಿ ಇಳಿದು ಬಂದು, ಸರ್ವೋವಿನ ಸಂಗತಿಯನ್ನು ಅಜ್ಜಿಗೂ ಹೇಳಿದೆವು. ಅವರು ಅಡಿಕೆಯನ್ನು ಕೈಯಾಡಿಸುತ್ತ ಕೇಳಿಸಿಕೊಂಡರು. "ಇನ್ನು ಹಾರಿಸುವುದುಂಟಾದರೆ ಮೊದಲು ಹೇಳಿ ಕಳುಹಿಸಿ ಮಾಷ್ಟ್ರೇ, ಅಡಿಕೆ ಒಳಗೆ ಹಾಕುತ್ತೇನೆ" ಎಂದರು.

ಹುಡುಗನು ಆ ಬಳಿಕ ಟ್ರಾನ್ಸ್‌ಮಿಟರನ್ನು ಮುಟ್ಟಿಲ್ಲ. ಹೈಸ್ಕೂಲಿಗೆ ಹೋದ ಮೇಲೂ ಶನಿವಾರಗಳಂದು ಬರುತ್ತಾನೆ. ಅಂಟು ಹಚ್ಚುತ್ತಾನೆ, ತಂತಿ ಬಾಗಿಸುತ್ತಾನೆ, ಸರ್ವೋಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ತಿರುಗಿಸಿ ನೋಡುತ್ತಾನೆ. ಹಾರಿಸೆಂದರೆ, "ನೀವೇ ಹಾರಿಸಿ ಮಾಷ್ಟ್ರೇ" ಎನ್ನುತ್ತಾನೆ. ನಾವು ಪದವಿಗೆ ಹೊರಡುವ ಮುನ್ನ ಕೆಳಗಿನ ಮನೆಗೆ ಹೇಳಿಬರಲು ಓಡುವವನು ಅವನೇ. ಕೆಲವು ಸಲ ಮರಳಿ ಬರುವುದಿಲ್ಲ. ಅಡಿಕೆಯನ್ನು ಒಳಗೆ ಹಾಕಲು ಕೈಗೂಡಿಸಿ, ಅಜ್ಜಿಯ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತು, ವಿಮಾನವು ಪದವಿನ ಅಂಚಿನಲ್ಲಿ ತಿರುಗುವುದನ್ನು ಅಲ್ಲಿಂದಲೇ ನೋಡುತ್ತಿರುತ್ತಾನೆ.